ಬೋರಲು ಬಕೆಟ್ಟಿನ ಮೇಲೆ ಅರ್ಧ ಗಂಟೆ

ಒಬ್ಬ ಪಶುವೈದ್ಯೆ ನಮ್ಮ ಎಮ್ಮೆಯ ಎದುರು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತದ್ದಕ್ಕೆ ನಾನು ಐದುನೂರು ರೂಪಾಯಿ ಕೊಟ್ಟಿದ್ದೇನೆ. ಇಂಜೆಕ್ಷನ್ ಇಲ್ಲ, ಗುಳಿಗೆ ಇಲ್ಲ, ಚೀಟಿ ಸಹ ಬರೆದುಕೊಡಲಿಲ್ಲ. ಬಕೆಟ್ಟೂ ನನ್ನದೇ. ಆ ಹಣವನ್ನು ನಾನೇ ಅವರನ್ನು ಹುಡುಕಿಕೊಂಡು ಹೋಗಿ, ಒಂದು ರೂಪಾಯಿ ಕಡಿಮೆ ಮಾಡದೆ ಕೈಯಲ್ಲಿಟ್ಟು ಬಂದೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಪಕ್ಕದ ಟೈರ್ ಅಂಗಡಿಯವರಂತೂ ನನಗೆ ಜ್ವರ ಬಂದಿರಬೇಕೆಂದು ಹಣೆ ಮುಟ್ಟಿ ನೋಡಿದರು. ಜ್ವರ ಅಲ್ಲ ಸ್ವಾಮಿ, ಹುರುಪು. ನನ್ನ ಜನ್ಮದಲ್ಲೇ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಮಾಲು ನಾನು ತಂದಿಲ್ಲ. ಏನು ಮಾಲು ಎಂದು ಹೇಳುತ್ತೇನೆ, ಸ್ವಲ್ಪ ಕೂಡಿರಿ. ಬಕೆಟ್ಟು ಬೇಕಾದರೆ ಅದೂ ಇದೆ.

ಮೊದಲು ನನ್ನ ಕಸುಬು ಹೇಳಿಬಿಡಬೇಕು. ಗಬ್ಬೂರ ಬೈಪಾಸಿನ ಬದಿಗೆ ನನ್ನದೊಂದು ಹಳೇ ಬಾಗಿಲು-ಕಿಟಕಿಗಳ ಅಂಗಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರು ಹಳೇ ಮನೆ ಕೆಡವಿದರೂ ಗೋಡೆ ಬೀಳುವ ಮೊದಲು ನಾನು ಅಲ್ಲಿರುತ್ತೇನೆ. ಕೈಗಾಡಿಯ ಮೇಲೆ ಎರಡು ಕಿಟಕಿ ಹೇರಿಕೊಂಡು ಬೀದಿ ತಿರುಗಿದವನು ಈಗ ಒಂದು ಎಕರೆಯ ತಗಡಿನ ಶೆಡ್ಡಿನ ಒಡೆಯ. ಇದು ಯಾರ ಆಶೀರ್ವಾದದಿಂದಲೂ ಆದದ್ದಲ್ಲ, ಚೌಕಾಸಿಯಿಂದ ಆದದ್ದು. ತೇಗದ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಅದರ ವಯಸ್ಸು, ಗೆದ್ದಲು, ಮಾರುವವನ ಅವಸರ, ಮೂರೂ ನನಗೆ ತಿಳಿಯುತ್ತವೆ. ವ್ಯಾಪಾರದಲ್ಲಿ ನಾನು ಪಾಲಿಸಿಕೊಂಡು ಬಂದ ಕೆಲವು ನೇಮಗಳಿವೆ. ಮಾಲನ್ನು ಹೊಗಳಬಾರದು. ಬೆಲೆ ಹೊಂದದಿದ್ದರೆ ಎದ್ದು ಹೊರಡಬೇಕು, ಆದರೆ ಚಪ್ಪಲಿಯನ್ನು ನಿಧಾನವಾಗಿ ಮೆಟ್ಟಬೇಕು. ಎಲ್ಲಕ್ಕಿಂತ ಮುಖ್ಯ, ಬೆಲೆ ಕುದುರಿದ ಮೇಲೆ ಮಾರುವವರ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಬಾರದು. ಆಮೇಲೆ ಬರುವ ಮಾತೆಲ್ಲ 'ಇನ್ನೊಂದಿಷ್ಟು ಕೊಡ್ರಿ' ಎಂಬಲ್ಲಿಗೇ ಹೋಗಿ ಮುಟ್ಟುತ್ತದೆ. ಈ ಕೊನೆಯ ನೇಮವೇ ನನ್ನನ್ನು ಬಕೆಟ್ಟಿನ ತನಕ ಒಯ್ದದ್ದು.

ನನ್ನ ಹೆಂಡತಿ ಕಸ್ತೂರಿ ಉಪ್ಪಿನಬೆಟಗೇರಿಯವಳು. ಎಮ್ಮೆಗಳ ನಡುವೆ ಬೆಳೆದವಳು. ಮದುವೆಯಾಗಿ ಬಂದಾಗಿನಿಂದ ಅವಳದು ಒಂದೇ ಬೇಡಿಕೆ, ಮನೆಗೊಂದು ಎಮ್ಮೆ. ಬಂಗಾರ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ. ಪ್ಯಾಕೆಟ್ ಹಾಲು ಕಾಯಿಸುವಾಗ ಮಾತ್ರ ಮುಖವನ್ನು ಆ ಕಡೆ ತಿರುಗಿಸಿಕೊಂಡು ಕಾಯಿಸುತ್ತಿದ್ದಳು, ದೂರದ ಸಂಬಂಧಿಕರ ಮೇಲಿನ ಸಿಟ್ಟಿನಂತೆ. ಇಪ್ಪತ್ತೆರಡು ವರ್ಷ ನಾನು 'ನೋಡೋಣ' ಎಂದೆ. ವ್ಯಾಪಾರಸ್ಥರ ಭಾಷೆಯಲ್ಲಿ ಅದು ಇಲ್ಲ ಎಂಬುದರ ಮರ್ಯಾದೆಯ ರೂಪ, ಅದು ಅವಳಿಗೂ ಗೊತ್ತಿತ್ತು. ಕಡೆಗೆ ಈ ವರ್ಷ ಶೆಡ್ಡಿನ ಹಿಂದೆ ಒಂದಿಷ್ಟು ಜಾಗ ಖಾಲಿಯಾಯಿತು. ಗರಗದಲ್ಲಿ ದಾವಲಸಾಬ ಎಂಬವರು ಎಮ್ಮೆ ಮಾರುತ್ತಾರೆಂಬ ಸುದ್ದಿಯೂ ಬಂತು. ಈದು ತಿಂಗಳಾಗಿದೆ, ಕರು ಮಾತ್ರ ಸತ್ತುಹೋಗಿದೆ ಎಂದರು. ಕಸ್ತೂರಿ ಅಯ್ಯೋ ಅಂದಳು. ನಾನು ಅನ್ನಲಿಲ್ಲ. ಕರು ಇಲ್ಲದ ಎಮ್ಮೆಗೆ ಬೆಲೆ ಇಳಿಯುತ್ತದೆ ಎಂಬುದಷ್ಟೇ ನನ್ನ ತಲೆಗೆ ಹೊಳೆದದ್ದು.

ಗರಗದ ಅವರ ಅಂಗಳದಲ್ಲಿ ಎಮ್ಮೆ ನೋಡಿದೆ. ಹಲ್ಲು ನೋಡಿದೆ, ಕೋಡು ನೋಡಿದೆ, ಕೆಚ್ಚಲು ನೋಡಿದೆ, ಸುತ್ತ ಮೂರು ಸಲ ತಿರುಗಿ ತಲೆ ಅಲ್ಲಾಡಿಸಿದೆ. ನೆರೆಹೊರೆಯವರು ನೆರೆದಿದ್ದರಿಂದ ಸಂತೆಯ ಪದ್ಧತಿಯಂತೆ ಟವೆಲ್ಲಿನ ಕೆಳಗೆ ವ್ಯಾಪಾರ ಮಾಡೋಣ ಎಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಬ್ಬರೂ ಕೈ ಕೂಡಿಸಿ ಮೇಲೆ ಟವೆಲ್ ಹೊದಿಸುವುದು, ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಮಡಿಸಿ ಕಡಿಮೆ ಮಾಡುವುದು. ಮಾತೇ ಇಲ್ಲ. ನೋಡುವವರಿಗೆ ಟವೆಲ್ಲಿನ ಅಡಿಯಲ್ಲಿ ಎರಡು ಇಲಿ ಜಗಳಾಡಿದಂತೆ ಕಾಣುತ್ತದೆ. ದಾವಲಸಾಬರು ಮೆತ್ತನೆಯ ಮನುಷ್ಯ, ಬೆರಳೂ ಮೆತ್ತಗೆ. ಸತ್ತ ಕರುವಿನ ಹೆಸರಿನಲ್ಲಿ ಅವರ ಎರಡು ಬೆರಳು ಮಡಿಸಿಬಿಟ್ಟೆ. ವ್ಯಾಪಾರ ಮುಗಿದು ಹಗ್ಗ ಕೈಗೆ ಬರುವಷ್ಟರಲ್ಲಿ ಅವರ ಹೆಂಡತಿ ಮಾಬೂಬಿ ಒಳಗಿನಿಂದ ಲಗುಬಗೆಯಿಂದ ಬಂದು, "ಅಣ್ಣಾರ, ಇದರದೊಂದ ಮಾತ ಹೇಳೂದೈತ್ರಿ" ಎಂದಳು. ನಾನು ಸಂಚಾರಿ ಪೊಲೀಸರ ಹಾಗೆ ಕೈ ಎತ್ತಿ, "ಮುಗೀತವಾ ತಂಗಿ, ಇನ್ನ ಮಾತಿಲ್ಲ" ಎಂದೆ. ಆಕೆ ಗಂಡನ ಮುಖ ನೋಡಿದಳು. ನಾನು ಹಗ್ಗ ಎಳೆದೆ.

ಗಂಗವ್ವ ಎಂದು ಹೆಸರಿಟ್ಟು, ಅರಿಸಿನ-ಕುಂಕುಮ ಹಚ್ಚಿ, ಆರತಿ ಮಾಡಿ ಕಸ್ತೂರಿ ಎಮ್ಮೆಯನ್ನು ಒಳಗೆ ಕರೆದುಕೊಂಡಳು. ಸಂಜೆ ಹಿತ್ತಾಳೆಯ ತಂಬಿಗೆ ಹಿಡಿದು ಕೂತಳು. ಇಪ್ಪತ್ತೆರಡು ವರ್ಷ ಕಾದ ಕೈ ಅದು. ಬಂದದ್ದು ತಂಬಿಗೆಯ ತಳ ಮುಚ್ಚುವಷ್ಟು. ಕೆಚ್ಚಲು ತುಂಬಿ ಬಿಗಿದಿದೆ, ಹಾಲು ಒಳಗೇ ಇದೆ, ಎಮ್ಮೆ ಮಾತ್ರ ಇಳಿಸದು. ಮರುದಿನವೂ ಅಷ್ಟೆ. ಮೂರನೇ ದಿನ ಒದೆಯತೊಡಗಿತು. ನಮ್ಮ ಕಡೆ ಸಲಹೆಗೇನು ಬರವೇ, ಬೈಪಾಸಿನಲ್ಲಿ ಲಾರಿ ನಿಲ್ಲಿಸಿದವರೂ ಒಂದೊಂದು ಹೇಳಿ ಹೋದರು. ಬೆಲ್ಲ ತಿನ್ನಿಸಿದೆವು, ಮೆಂತ್ಯ ಬೇಯಿಸಿ ಹಾಕಿದೆವು, ಹಿಂಡಿ ಬದಲಿಸಿದೆವು. ದೃಷ್ಟಿ ತೆಗೆದೆವು. ಕರು ಕಂಡರೆ ಹಾಲು ಬಿಡುತ್ತದೆ ಎಂದು ಒಬ್ಬರು ಹೇಳಿದ್ದೇ ತಡ, ನಾನು ನಮ್ಮ ಬಡಿಗೇರರಿಂದ ಪ್ಲೈವುಡ್ಡಿನಲ್ಲಿ ಒಂದು ಕರು ಕೊರೆಸಿ, ಕಪ್ಪು ಬಣ್ಣ ಹೊಡೆಸಿ, ಕಣ್ಣು ಸಹ ಬರೆಸಿ ನಿಲ್ಲಿಸಿದೆ. ಎಮ್ಮೆ ಅದಕ್ಕೆ ಕುತ್ತಿಗೆ ತಿಕ್ಕಿ ತುರಿಕೆ ತೀರಿಸಿಕೊಂಡಿತು. ಆ ಕರುವನ್ನು ಆಮೇಲೆ ಒಂದು ಅಂಗನವಾಡಿಯವರು ಒಯ್ದರು, ಅಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆಯಂತೆ.

ಹಾಲು ಇಳಿಸುವ ಇಂಜೆಕ್ಷನ್ ಸಿಗುತ್ತದೆ, ದಿನಕ್ಕೆರಡು ಚುಚ್ಚಿರಿ ಎಂದೂ ಒಬ್ಬರು ಹೇಳಿದರು. ಅದಕ್ಕೆ ಕಸ್ತೂರಿ ಒಪ್ಪಲಿಲ್ಲ. ಹಾಗಾದರೆ ಬರುವ ಸಂತೆಗೆ ಹೊಡೆದುಕೊಂಡು ಹೋಗುವುದೇ ದಾರಿ ಎಂದೆ ನಾನು. ಹಾಲು ಕೊಡದ, ಒದೆಯುವ ಎಮ್ಮೆಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಕೊಂಡು ಎಲ್ಲಿಗೆ ಒಯ್ಯುತ್ತಾರೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಕಸ್ತೂರಿ ರಾತ್ರಿ ಊಟಕ್ಕೆ ಬಡಿಸಿ, ತಾನು ತಾಟು ಹಾಕಿಕೊಳ್ಳದೆ ಎದ್ದು ಹೋಗಿ ಎಮ್ಮೆಯ ಹತ್ತಿರ ನಿಂತಳು. ಸಂತೆಗೆ ಇನ್ನು ನಾಲ್ಕು ದಿನ ಇತ್ತು.

ಕೊನೆಯ ಉಪಾಯವೆಂದು ಧಾರವಾಡದಿಂದ ಡಾಕ್ಟರ್ ಸುಜಾತಾ ಅವರನ್ನು ಕರೆಸಿದೆವು. ಸಾಲಿ ಮಾಸ್ತರರೊಬ್ಬರ ಮಗಳು, ಸಣ್ಣ ವಯಸ್ಸು, ಸ್ಕೂಟಿಯ ಮೇಲೆ ಬಂದರು. ಬಂದವರೇ ದೊಡ್ಡ ಚೀಲ ಬಿಚ್ಚುತ್ತಾರೆ, ಕೈಗೆ ರಬ್ಬರಿನ ಚೀಲ ಏರಿಸುತ್ತಾರೆ ಎಂದು ನಾನು ಕಾದರೆ, ಅಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಎಮ್ಮೆಯಿಂದ ಹತ್ತು ಹೆಜ್ಜೆ ದೂರ ಕೂತುಬಿಟ್ಟರು. ಐದು ನಿಮಿಷವಾಯಿತು, ಹತ್ತಾಯಿತು. ನನಗೆ ತಡೆಯಲಾಗಲಿಲ್ಲ. ಎಮ್ಮೆಯ ಹತ್ತಿರ ಹೋಗುವುದಿಲ್ಲವೇ ಎಂದು ಕೇಳಿದೆ.

"ಹೋಗ್ತೇನ್ರಿ ಕಾಕಾರ. ಮೊದಲ ಆಕಿ ನನ್ನ ನೋಡ್ಲಿ."

ಆಕೆ ನೋಡುತ್ತಿದ್ದಳೋ ಇಲ್ಲವೋ, ನಾನು ಗಡಿಯಾರ ನೋಡುತ್ತಿದ್ದೆ. ಶೆಡ್ಡಿನಲ್ಲಿ ಮರ ಕೊಯ್ಯುವ ಯಂತ್ರ ಕಿರ್ರೆಂದಾಗಲೆಲ್ಲ ಎಮ್ಮೆಯ ಕಿವಿ ಹಿಂದಕ್ಕೆ ಹೋಗುವುದನ್ನು ಡಾಕ್ಟರು ನನಗೆ ತೋರಿಸಿದರು. ಯಂತ್ರ ನಿಲ್ಲಿಸಲು ಹೇಳಿದರು. ಆಮೇಲೆ ಕಸ್ತೂರಿಗೆ ತಂಬಿಗೆ ಹಿಡಿದು ಕೂಡಲು ಹೇಳಿದರು. ಅವಳು ಕೂತ ಕೂಡಲೇ ಎಮ್ಮೆ ಎಡಕ್ಕೆ ಕತ್ತು ತಿರುಗಿಸಿ ಖಾಲಿ ಮೂಲೆಯನ್ನು ನೋಡಿತು. ಸ್ವಲ್ಪ ಹೊತ್ತು ನೋಡಿ, ಬಾಲ ಒತ್ತಿಕೊಂಡು, ಮೈ ಬಿಗಿದು ನಿಂತಿತು. ಅವಳನ್ನು ಎಬ್ಬಿಸಿ ಮತ್ತೆ ಕೂಡಿಸಿದರು. ಮತ್ತೆ ಅದೇ ಮೂಲೆ. ಮೂರನೇ ಸಲವೂ ಅದೇ. ಏಳು ದಿನದಿಂದ ನಮ್ಮ ಕಣ್ಣೆದುರೇ ನಡೆಯುತ್ತಿದ್ದದ್ದು ಅದು, ಒಬ್ಬರೂ ಕಂಡಿರಲಿಲ್ಲ. ನಾವು ನೋಡುತ್ತಿದ್ದದ್ದು ತಂಬಿಗೆಯನ್ನು.

"ಆ ಮೂಲ್ಯಾಗ ಏನದ?" ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ ಎಂದೆ.

"ಇಲ್ಲಿ ಇಲ್ಲ, ಖರೇ. ಮೊದಲಿನ ಮನ್ಯಾಗ ಏನಿತ್ತು?"

ನಾನು ಅಂಗಳದ ಚಿತ್ರ ಕಣ್ಣಿಗೆ ತಂದುಕೊಳ್ಳಲು ನೋಡಿದೆ. ಟವೆಲ್ಲು ಬಿಟ್ಟರೆ ಏನೂ ನೆನಪಾಗಲಿಲ್ಲ. ಹಾಲು ಕರೆಯುತ್ತಿದ್ದವರು ಯಾರು, ಯಾವ ಮಗ್ಗುಲಲ್ಲಿ ಕೂಡುತ್ತಿದ್ದರು, ಕರೆಯುವಾಗ ಹಾಡುತ್ತಿದ್ದರೋ ಬೈಯುತ್ತಿದ್ದರೋ, ಎಮ್ಮೆಯ ಹೆಸರೇನು, ಒಂದೊಂದಾಗಿ ಕೇಳಿದರು. ಹೆಸರು ಗಂಗವ್ವ ಎಂದು ಕಸ್ತೂರಿ ಹೇಳಿದಾಗ, ಅದು ನೀವಿಟ್ಟದ್ದು, ಅವಳಿಗೆ ಗೊತ್ತಿರುವುದು ಯಾವುದು ಎಂದರು. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದವನಂತೆ ನಿಂತೆ ನಾನು. ಆಮೇಲೆ ಅವರು ನಿಧಾನವಾಗಿ ಹತ್ತಿರ ಹೋಗಿ, ಮೈ ಸವರಿ, ಕೆಚ್ಚಲು ಮುಟ್ಟಿ ನೋಡಿ, ಜ್ವರ ನೋಡಿದರು. ಬಾವು ಇಲ್ಲ, ಗಾಯ ಇಲ್ಲ.

"ರೋಗ ಇಲ್ರಿ, ಹೆದರಿಕಿ ಅದ" ಎಂದರು. "ಆಕಿ ನಿಮ್ಮ ಹಾಲು ಮುಚ್ಚಿಟ್ಟಿಲ್ಲ. ಹೆದರಿದ್ರ ಹಾಲು ತಾನ ಇಳಿಯಂಗಿಲ್ಲ, ಮೈಯಿ ಬಿಗಿ ಹಿಡೀತದ. ಇನ್ನೊಂದು ನಾಕ ದಿನ ಹಿಂಗ ಆದ್ರ ಬತ್ತತದ, ಇಲ್ಲಾ ಬಾವು ಬರತದ. ಲಗೂ ಹೋಗಿ ಕೇಳಿ ಬರ್ರಿ."

ಫೀ ಐದುನೂರು ಎಂದರು. ಕೂತದ್ದಕ್ಕೇ ಐದುನೂರಾದರೆ ನಿಂತಿದ್ದರೆ ಎಷ್ಟಾಗುತ್ತಿತ್ತೋ ಎಂದು ನಾನು ಶುರು ಮಾಡುವಷ್ಟರಲ್ಲಿ, ಹಾಲು ಬಂದ ಮೇಲೆ ಕೊಡಿ, ಬರದಿದ್ದರೆ ಬೇಡ ಎಂದುಬಿಟ್ಟರು. ಹೋಗುವಾಗ ಶೆಡ್ಡಿನ ಬಾಗಿಲಲ್ಲಿ ಒರಗಿಸಿದ್ದ ಕೆತ್ತನೆಯ ತೇಗದ ಬಾಗಿಲನ್ನು ಗೆಣ್ಣಿನಿಂದ ಬಡಿದು, ಮನೆ ಕಟ್ಟಿಸುತ್ತಿದ್ದೇನೆ, ಇದಕ್ಕೆಷ್ಟು ಎಂದು ಕೇಳಿದರು. ಹೇಳಿದೆ. 'ನೋಡೋಣ' ಎಂದು ಸ್ಕೂಟಿ ಹತ್ತಿದರು. ಈ ನೋಡೋಣ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಆಗಲೇ ಕಸ್ತೂರಿಯನ್ನು ಹಿಂದೆ ಕೂಡಿಸಿಕೊಂಡು ಗರಗಕ್ಕೆ ಬೈಕ್ ಬಿಟ್ಟೆ. ದಾವಲಸಾಬರ ಮುಖ ನಮ್ಮನ್ನು ಕಂಡು ಸಣ್ಣದಾಯಿತು. ಎಮ್ಮೆ ತಿರುಗಿ ಕೊಡಲು ಬಂದಿದ್ದೇವೆ ಎಂದುಕೊಂಡರು. ನಾನು ನೇರ ಮಾಬೂಬಿಯ ಹತ್ತಿರ ಹೋಗಿ, ತಂಗಿ, ಅವತ್ತು ನೀನು ಹೇಳಬೇಕೆಂದದ್ದು ಏನು ಎಂದು ಕೇಳಿದೆ. ಹಾಲು ಇಳಿಸುತ್ತಿಲ್ಲ ಹೌದಲ್ಲೋ ಎಂದು ಆಕೆ ತಿರುಗಿ ಕೇಳಿದಳು. ನಮ್ಮನ್ನು ಒಳಗೆ ಕರೆದು ಎಮ್ಮೆ ಕಟ್ಟುತ್ತಿದ್ದ ಗೂಟ ತೋರಿಸಿದಳು. ಗೂಟದ ಎಡಕ್ಕೆ, ಗೋಡೆಯ ಮೂಲೆಯಲ್ಲಿ, ಒಂದು ಹಳೇ ಚರಕ.

ಆಕೆಯ ಅತ್ತೆ ಜೀವನವೆಲ್ಲ ಖಾದಿಗೆ ನೂಲು ತೆಗೆದವರು. ಎಮ್ಮೆ, ಅದರ ಹೆಸರು ಮುನ್ನಿ, ಹುಟ್ಟಿದ್ದೇ ಆ ಚರಕದ ಪಕ್ಕ. ಅತ್ತೆ ನೂಲುತ್ತಿದ್ದರು, ಸೊಸೆ ಹಾಲು ಕರೆಯುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೂ ಹಾಲು ಕರೆಯುವ ಹೊತ್ತಿಗೆ ಮನೆಯವರು ಯಾರಾದರೂ ಕೂತು ಚರಕ ತಿರುವಲೇಬೇಕಿತ್ತು.

"ಕರ ಸತ್ತ ಮ್ಯಾಲಂತೂ ಚರಕಾನ ಇದಕ್ಕ ಕರ ಆತ್ರಿ" ಎಂದಳು ಮಾಬೂಬಿ. "ಅದನ್ನ ಹೇಳಾಕ ಬಂದಿದ್ನಿ ಅಣ್ಣಾರ. ನೀವು ಕೈ ಎತ್ತಿದ್ರಿ."

ಎತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡೆ. ಎಲ್ಲ ವ್ಯಾಪಾರದಲ್ಲೂ ಪುಕ್ಕಟೆಯಾಗಿ ಏನಾದರೂ ಮೇಲೆ ಹಾಕಿಸಿಕೊಳ್ಳುವ ನಾನು, ಪುಕ್ಕಟೆಯಾಗಿ ಬಂದ ಒಂದೇ ಒಂದು ಮಾಲನ್ನು ಬಾಗಿಲಲ್ಲೇ ನಿಲ್ಲಿಸಿ ಬಂದಿದ್ದೆ. ಎರಡು ಬೆರಳು ಮಡಿಸಿದ್ದೂ ನೆನಪಾಯಿತು. ಕಸ್ತೂರಿ ನನ್ನ ಕಡೆ ನೋಡಲಿಲ್ಲ. ಆ ಹೊತ್ತಿಗೆ ನನಗೆ ಅದೇ ದೊಡ್ಡ ಉಪಕಾರ.

ಆದರೂ ಹುಟ್ಟುಗುಣ ನೋಡಿ. ಚರಕ ಯಾಕೆ, ಸಪ್ಪಳ ಸಾಕಲ್ಲ ಎಂದು ಮಾಬೂಬಿಗೆ ಐದು ನಿಮಿಷ ನೂಲಲು ಹೇಳಿ ಮೊಬೈಲಿನಲ್ಲಿ ತುಂಬಿಕೊಂಡು ಬಂದೆ. ಸಂಜೆ ಎಡಮೂಲೆಯಲ್ಲಿ ಮೊಬೈಲ್ ಇಟ್ಟು ಹಚ್ಚಿದೆ. ಕರ್ ಕರ್ ಎಂಬ ಸದ್ದು ಹೊರಟಿತು. ಮುನ್ನಿ ಕಿವಿ ನಿಗುರಿಸಿದಳು, ಕತ್ತು ತಿರುಗಿಸಿದಳು, ಬಾಲ ಸಡಿಲಾಯಿತು. ತಂಬಿಗೆಯಲ್ಲಿ ಸರ್ ಎಂದು ಮೊದಲ ಧಾರೆ ಬಿತ್ತು. ತಂಬಿಗೆ ಅರ್ಧ ತುಂಬಿರಬಹುದು, ಅಷ್ಟರಲ್ಲಿ ಫೋನ್ ಬಂತು. ಸಾಲ ಬೇಕೇ ಎಂದು ಕೇಳುವ ಯಾವಳೋ ಪುಣ್ಯಾತಗಿತ್ತಿ. ಚರಕದ ಸದ್ದಿನ ನಡುವೆ ನನ್ನ ರಿಂಗಿನ ಡೋಲು-ಶಹನಾಯಿ ಒಮ್ಮೆಲೇ ಮೊಳಗಿದ್ದೇ ತಡ, ತಂಬಿಗೆ ಒಂದು ಕಡೆ, ಕಸ್ತೂರಿ ಒಂದು ಕಡೆ, ಹಾಲು ನನ್ನ ಅಂಗಿಯ ಮೇಲೆ.

ಮರುದಿನ ಬೆಳಿಗ್ಗೆ ಮತ್ತೆ ಗರಗ. ಚರಕವನ್ನು ಬಡಿದು ನೋಡಿದೆ, ಒಳ್ಳೇ ತೇಗ. ಎಷ್ಟು ಕೊಡಲಿ ಎನ್ನುತ್ತ ನನಗೆ ಗೊತ್ತಿಲ್ಲದಂತೆಯೇ ಹೆಗಲ ಮೇಲಿನ ಟವೆಲ್ ತೆಗೆದಿದ್ದೆ. ದಾವಲಸಾಬರು ಬೇಡಪ್ಪಾ ಬೇಡ ಎಂದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಅದು ಮಾರುವ ವಸ್ತುವಲ್ಲ, ಅತ್ತೆಯದು, ಮುನ್ನಿ ಹಾಲು ಕೊಡುವ ತನಕ ಇಟ್ಟುಕೊಳ್ಳಿ, ಆಮೇಲೆ ತಂದುಕೊಡಿ ಎಂದಳು ಮಾಬೂಬಿ. ಬೆಲೆಯೇ ಇಲ್ಲದ ವಸ್ತುವಿನಲ್ಲಿ ಕಡಿಮೆ ಮಾಡುವುದು ಏನನ್ನು? ಆಕೆ ಹಾಕಿದ್ದು ಒಂದೇ ಷರತ್ತು. "ಖಾಲಿ ತಿರುವಬ್ಯಾಡ್ರಿ. ಹಂಜಿ ಹಿಡದು ನೂಲ್ರಿ. ಖಾಲಿ ಚರಕಾದ ಸಪ್ಪಳ ಬ್ಯಾರೆ, ಮುನ್ನಿಗೆ ತಿಳಿತೈತಿ." ನೂಲಲು ಸುರುಳಿ ಸುತ್ತಿಟ್ಟ ಹತ್ತಿಯ ಹಂಜಿಯ ಒಂದು ಕಟ್ಟನ್ನೂ ಕೈಗಿಟ್ಟು, ನನ್ನನ್ನು ಕೂಡಿಸಿ ಎಳೆ ತೆಗೆಯುವುದನ್ನು ಕಲಿಸಿದಳು. ನನ್ನ ಮೊದಲ ನೂಲು ಬೂಟಿನ ಲಾಡಿಯಂತಿತ್ತು.

ಆ ಸಂಜೆ ಐದಕ್ಕೆ ಯಂತ್ರ ಬಂದ್ ಮಾಡಿಸಿ, ಎಡಮೂಲೆಯಲ್ಲಿ ಚರಕ ಹೂಡಿ ಕೂತೆ. ಕಸ್ತೂರಿ ಸಣ್ಣ ದನಿಯಲ್ಲಿ ಮುನ್ನಿ ಎಂದಳು. ನಾನು ಎಳೆ ತೆಗೆದೆ. ಮುನ್ನಿ ಮೂಲೆಯತ್ತ ನೋಡಿದಳು. ಮೊದಲ ಸಲ ಅಲ್ಲಿ ನೋಡುವುದಕ್ಕೆ ಏನೋ ಇತ್ತು. ಉದ್ದಕ್ಕೆ ಉಸಿರು ಬಿಟ್ಟು ಮೆಲುಕು ಹಾಕತೊಡಗಿದಳು. ತಂಬಿಗೆ ತುಂಬಿತು. ಕಸ್ತೂರಿ ಕೈ ನಿಲ್ಲಿಸದೆ ಪಾತ್ರೆ ತಾ ಎಂಬಂತೆ ಕಣ್ಣು ಮಾಡಿದಳು. ಚರಕ ಬಿಟ್ಟು ಏಳುವಂತಿಲ್ಲ, ಕಾಲಿನಿಂದ ಆ ಬಕೆಟ್ಟನ್ನೇ ನೂಕಿದೆ. ಅದೂ ಅರ್ಧದ ಮೇಲಾಯಿತು. ಕಸ್ತೂರಿ ಎದ್ದು ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು, ಬರೀ ಬೆವರನ್ನಲ್ಲ. ಆ ದಿನ ರಾತ್ರಿ ಅವಳು ಕಾಯಿಸುವಾಗ ಹಾಲಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ಸಂತೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮರುದಿನ ಒಂದು ಗಡಿಗೆ ಮೊಸರು ಗರಗಕ್ಕೂ, ಐದುನೂರು ರೂಪಾಯಿ ಧಾರವಾಡಕ್ಕೂ ಹೋದವು.

ಅಂದಿನಿಂದ ನನಗೆ ಹುಚ್ಚು ಹಿಡಿದಂತಾಗಿದೆ. ಯಾವ ಪ್ರಾಣಿ ಕಂಡರೂ ಬಕೆಟ್ ಬೋರಲು ಹಾಕುತ್ತೇನೆ. ಟೈರ್ ಅಂಗಡಿಯವರ ನಾಯಿಗೆ ಕುಂಟು ಬರುವುದು ಮಾಲೀಕರು ಊಟದ ಡಬ್ಬಿ ಬಿಚ್ಚಿದಾಗ ಮಾತ್ರ ಎಂಬುದನ್ನು ಪತ್ತೆ ಹಚ್ಚಿದವನು ನಾನೇ. ಇಷ್ಟು ದಿನ ಅವರು ಅದರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಹಲ್ಲು ನೋಡಿ ವಯಸ್ಸು ಹೇಳುವವರು ಸಂತೆ ತುಂಬ ಇದ್ದಾರೆ. ಕಿವಿ ನೋಡಿ ಮನಸ್ಸು ಹೇಳುವವರು ಬೇಕು. ಐದುನೂರಕ್ಕೆ ನಾನು ತಂದ ಮಾಲು ಆ ನೋಟವೇ.

ಇಷ್ಟರಲ್ಲೇ ನಿಲ್ಲಿಸಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದಿತ್ತು. ಆದರೆ ವ್ಯಾಪಾರಸ್ಥ ಮಾಲಿನ ಬಿರುಕನ್ನೂ ತೋರಿಸಬೇಕು. ಮುನ್ನಿ ಈಗ ಸಂಜೆ ಐದಕ್ಕೆ ಸರಿಯಾಗಿ ಒಂದು ಕೂಗು ಹಾಕುತ್ತಾಳೆ. ಆ ಕೂಗು ಕೇಳಿದರೆ ನನ್ನ ಕಾಲುಗಳು ತಾವಾಗಿಯೇ ಏಳುತ್ತವೆ. ಗಿರಾಕಿ ಎದುರಿಗಿರಲಿ, ವ್ಯಾಪಾರ ಕುದಿಯುತ್ತಿರಲಿ, ಆಯ್ತು ಒಯ್ಯಿರಿ ಎಂದು ಕೈ ಝಾಡಿಸಿ ಚರಕಕ್ಕೆ ಓಡುತ್ತೇನೆ. ಇತ್ತೀಚೆಗೆ ಗಿರಾಕಿಗಳೆಲ್ಲ ನಾಲ್ಕೂವರೆಯ ಮೇಲೆಯೇ ಯಾಕೆ ಬರುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಹೋದ ವಾರ, ಅಂದು ನೋಡೋಣ ಎಂದು ಹೋಗಿದ್ದ ಡಾಕ್ಟರ್ ಸುಜಾತಾ ಬಂದರು, ಐದಕ್ಕೆ ಕಾಲು ಗಂಟೆ ಇರುವಾಗ. ಬಕೆಟ್ಟು ಬೋರಲು ಹಾಕಿ ಕೆತ್ತನೆಯ ಬಾಗಿಲಿನ ಎದುರು ಕೂತರು. ತಾವು ಕೊಡುವ ಬೆಲೆ ಒಂದು ಸಲ ಹೇಳಿ ಸುಮ್ಮನಾದರು. ನಾನು ತೇಗದ ಗುಣ ಹೇಳಿದೆ, ಕೆತ್ತನೆಯ ಗುಣ ಹೇಳಿದೆ, ಹಳೇ ವಾಡೆಯ ಕತೆ ಹೇಳಿದೆ. ಅವರು ಬಾಗಿಲನ್ನು ನೋಡುತ್ತಲೇ ಇರಲಿಲ್ಲ. ನನ್ನ ಕಿವಿ ನೋಡುತ್ತಿದ್ದರು. ಹಿಂದಿನಿಂದ ಮುನ್ನಿ ಕೂಗಿದಳು. ನಾನು ಒಯ್ಯಿರಿ ಎಂದೆ. ಅಂದ ಮೇಲೆ ಅಂದದ್ದು ತಿಳಿಯಿತು.

"ಗಾಬರಿ ಆಗಬ್ಯಾಡ್ರಿ ಕಾಕಾರ" ಎಂದರು ಡಾಕ್ಟರು ಏಳುತ್ತ. "ರೋಗ ಅಲ್ಲ, ಸ್ವಭಾವ."

ಆದ್ದರಿಂದ ಓದುಗರೇ, ನೀವು ಎಮ್ಮೆ ಕೊಳ್ಳುವುದಿದ್ದರೆ ಹಾಲು ಕರೆಯುವ ಹೊತ್ತಿಗೆ ಅವರ ಕೊಟ್ಟಿಗೆಗೆ ಹೋಗಿ, ಒಂದು ಮಾತೂ ಆಡದೆ ಅರ್ಧ ಗಂಟೆ ಕೂಡಿರಿ. ಅದು ಯಾವ ಕಡೆ ನೋಡುತ್ತದೆ ನೋಡಿ, ಯಾವ ಸಪ್ಪಳಕ್ಕೆ ಕಿವಿ ತಿರುಗಿಸುತ್ತದೆ ನೋಡಿ. ಹಗ್ಗ ಹಿಡಿದವರ ಜೊತೆ ಬೆಲೆ ಮಾತಾಡಿ, ಆದರೆ ತಂಬಿಗೆ ಹಿಡಿದವರ ಮಾತು ಕೇಳದೆ ಹೊರಡಬೇಡಿ. ವ್ಯಾಪಾರ ಮುಗಿದ ಮೇಲೆ ಅವರು ಬಾಯಿ ತೆರೆದರೆ ಕೈಯನ್ನು ಕೆಳಗೇ ಇಟ್ಟುಕೊಳ್ಳಿ. ಎಮ್ಮೆಯ ಹೆಸರನ್ನು ಬದಲಿಸಬೇಡಿ. ಡಾಕ್ಟರು ಬಂದು ಸುಮ್ಮನೆ ಕೂತರೆ ಗಡಿಯಾರ ನೋಡಬೇಡಿ, ಅವರು ಕೆಲಸ ಮಾಡುತ್ತಿದ್ದಾರೆ. ಮತ್ತೆ, ಬಾಗಿಲು-ಕಿಟಕಿ ಬೇಕಾದವರು ದಯವಿಟ್ಟು ಬೆಳಿಗ್ಗೆ ಹತ್ತರ ಮೇಲೆ ಬನ್ನಿ. ಸಂಜೆ ಐದರ ಸುಮಾರಿಗೆ ನನ್ನ ಅಂಗಡಿ ತೆರೆದಿರುವುದು ಕಂಡರೂ ಬಂದ್ ಇದೆ ಎಂದೇ ತಿಳಿದು ಮುಂದೆ ಹೋಗಿ.